ಎಗ್ ದ್ವೀಪದ 5 ಕಿಲೋವ್ಯಾಟ್ ಮಿತಿ: ಒಂದು ಪ್ರಶ್ನೋತ್ತರ

ಪ್ರಶ್ನೆ: ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆಗಿರುವ ಎಗ್ ದ್ವೀಪದಲ್ಲಿ ಯಾವುದೇ ಮನೆ ಒಂದು ಹೊತ್ತಿಗೆ 5 ಕಿಲೋವ್ಯಾಟ್‌ಗಿಂತ ಹೆಚ್ಚು ವಿದ್ಯುತ್ ಎಳೆಯುವಂತಿಲ್ಲ ಎಂದು ಓದಿದೆ. ಮಿತಿಯನ್ನು ತಿಂಗಳ ಯೂನಿಟ್‌ಗಳಿಗೆ ಹಾಕದೆ ಕಿಲೋವ್ಯಾಟ್‌ಗೆ ಹಾಕಿದ್ದೇಕೆ? ಗುಂಪಿನಲ್ಲಿರುವ ವಿದ್ಯುತ್ ಎಂಜಿನಿಯರುಗಳು ದಯವಿಟ್ಟು ತಿಳಿಸಬೇಕು.

ಉತ್ತರ: ನಮಸ್ಕಾರ. ಸುಮಾರು ನೂರು ಜನರಿರುವ ಆ ದ್ವೀಪಕ್ಕೆ ಮುಖ್ಯ ಭೂಭಾಗದಿಂದ ವಿದ್ಯುತ್ ಕೇಬಲ್ ಇಲ್ಲ. 1997ರಲ್ಲಿ ದ್ವೀಪವನ್ನು ಸಮುದಾಯದ ಒಡೆತನಕ್ಕೆ ತಂದುಕೊಂಡ ನಿವಾಸಿಗಳು, ಅಲ್ಲಿಯವರೆಗೆ ಡೀಸೆಲ್ ಜನರೇಟರುಗಳನ್ನೇ ಹೆಚ್ಚಾಗಿ ನಂಬಿದ್ದವರು, 2008ರಲ್ಲಿ ನೀರು, ಗಾಳಿ ಮತ್ತು ಬಿಸಿಲಿನಿಂದ ನಡೆಯುವ ತಮ್ಮದೇ ಗ್ರಿಡ್ (ವಿದ್ಯುತ್ ಜಾಲ) ಆರಂಭಿಸಿದರು. ಅದರ ದೊಡ್ಡ ಜಲವಿದ್ಯುತ್ ಘಟಕದ ಸಾಮರ್ಥ್ಯ ಸುಮಾರು 100 ಕಿಲೋವ್ಯಾಟ್ ಮಾತ್ರ.

ಇಷ್ಟು ಚಿಕ್ಕ ಗ್ರಿಡ್‌ನಲ್ಲಿ ಇನ್ವರ್ಟರ್, ಕೇಬಲ್ ಮತ್ತು ಜನರೇಟರುಗಳ ಗಾತ್ರವನ್ನು ನಿರ್ಧರಿಸುವುದು ತಿಂಗಳ ಬಳಕೆಯಲ್ಲ, ಹಲವರು ಒಟ್ಟಿಗೆ ಸ್ವಿಚ್ ಹಾಕುವ ಕೆಲವೇ ನಿಮಿಷಗಳು. ಕಿಲೋವ್ಯಾಟ್ ಎಂದರೆ ಒಂದು ಕ್ಷಣದಲ್ಲಿ ಎಳೆಯುವ ವಿದ್ಯುತ್ತಿನ ಪ್ರಮಾಣ; ಒಂದು ಕಿಲೋವ್ಯಾಟ್ ಒಂದು ಗಂಟೆ ಎಳೆದರೆ ಒಂದು ಯೂನಿಟ್. ಅಲ್ಲಿನ ವಿದ್ಯುತ್ ಕೆಟಲ್ ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ. ಐದು ನಿಮಿಷ ನಡೆದರೆ ಬಿಲ್ಲಿಗೆ ಸೇರುವುದು ಕಾಲು ಯೂನಿಟ್. ಆದರೆ ಇಪ್ಪತ್ತು ಮನೆಗಳಲ್ಲಿ ಏಕಕಾಲಕ್ಕೆ ಚಹಾಕ್ಕೆ ನೀರಿಟ್ಟರೆ ಗ್ರಿಡ್ ಆ ಕ್ಷಣವೇ 60 ಕಿಲೋವ್ಯಾಟ್ ಒದಗಿಸಬೇಕು. ಯೂನಿಟ್ ಮಿತಿ ಇದನ್ನು ಕಾಣುವುದೇ ಇಲ್ಲ. ಕಿಲೋವ್ಯಾಟ್ ಮಿತಿಯಿದ್ದರೆ ಕೆಟಲ್ ಮತ್ತು ನೀರು ಕಾಯಿಸುತ್ತಿರುವ ವಾಷಿಂಗ್ ಮಷಿನ್ ಎರಡನ್ನೂ ಜೊತೆಯಲ್ಲಿ ನಡೆಸಲು ಮನೆಯವರೇ ಹಿಂಜರಿಯುತ್ತಾರೆ. ಮೀರಿದರೆ ಸಂಪರ್ಕ ಟ್ರಿಪ್ ಆಗುತ್ತದೆ, ಮರುಜೋಡಣೆಗೆ ಶುಲ್ಕವೂ ಉಂಟು. ವ್ಯಾಪಾರ ಸಂಸ್ಥೆಗಳಿಗೆ ಮಿತಿ 10 ಕಿಲೋವ್ಯಾಟ್.

ಮರುಪ್ರಶ್ನೆ: ವಿವರಣೆಗೆ ಧನ್ಯವಾದಗಳು ಸರ್. ಅದರ ಬದಲು ಸಂಜೆಯ ದರ ಏರಿಸಿದರೆ ಸಾಲದೇ?

ಉತ್ತರ: ಅಲ್ಲಿಗೆ ಸಾಲದು ಎಂಬುದು ನನ್ನ ಅಭಿಪ್ರಾಯ. ಸಾವಿರಾರು ಮನೆಗಳಿರುವ ನಗರದಲ್ಲಿ ಒಬ್ಬರ ಗೀಸರ್ ಆರಿದಾಗ ಇನ್ನೊಬ್ಬರದು ಹೊತ್ತಿಕೊಳ್ಳುವುದರಿಂದ ಒಟ್ಟು ಬೇಡಿಕೆ ತಾನಾಗಿಯೇ ಸಮನಾಗುತ್ತದೆ. ದರದಿಂದ ಅದನ್ನು ಸ್ವಲ್ಪ ಸರಿಸಿದರೂ ಫಲ ಕಾಣುತ್ತದೆ. ಕೆಲವೇ ಮನೆಗಳಿರುವಲ್ಲಿ ಆ ಸರಾಸರಿಯ ಆಸರೆ ತೀರಾ ಕಡಿಮೆ. ಮಿತಿಯೂ ಪೂರ್ಣ ಭರವಸೆಯಲ್ಲ ಎಂಬುದನ್ನು ಹೇಳಲೇಬೇಕು: ನಲವತ್ತು ಮನೆಗಳು ಒಟ್ಟಿಗೆ 5 ಕಿಲೋವ್ಯಾಟ್ ಎಳೆದರೆ 200 ಆಗುತ್ತದೆ. ಆದ್ದರಿಂದಲೇ ಉತ್ಪಾದನೆ ಕುಗ್ಗಿದ ದಿನಗಳಲ್ಲಿ ಬಳಕೆ ತಗ್ಗಿಸುವಂತೆ ನಿವಾಸಿಗಳಿಗೆ ಸೂಚನೆ ಹೋಗುತ್ತದೆ, ಬೆನ್ನಿಗೆ ಬ್ಯಾಟರಿ ಮತ್ತು ಡೀಸೆಲ್ ಜನರೇಟರುಗಳಿವೆ. ಮಳೆಗಾಳಿ ಜೋರಾಗಿ ವಿದ್ಯುತ್ ಮಿಕ್ಕಾಗ, ಅದು ಸಮುದಾಯದ ಕಟ್ಟಡಗಳನ್ನು ಬೆಚ್ಚಗಿಡುವ ಹೀಟರುಗಳಿಗೆ ಹೋಗುತ್ತದೆ.