ದಾಲ್ ಮಿಲ್ಲಿನ 2026ರ ರಜೆ ಪಟ್ಟಿ: ಯಾವ ಐದು ಹಬ್ಬ, ಯಾವ ದಿನ?

ತೊಗರಿಕಣಜ, ಕಲಬುರಗಿ
ನಲವತ್ತು ಆಳಿನ ಒಂದು ದಾಲ್ ಮಿಲ್ಲಿಗೆ 2026ರ ರಜೆ ಪಟ್ಟಿ ಮಾಡಬೇಕಾಗ್ಯದ. ಕರ್ನಾಟಕದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಪ್ರಕಾರ ಕಾರ್ಖಾನಿಗೆ ಒಟ್ಟು ಹತ್ತು ರಜೆ. ಅದರಾಗ ಐದು ಯಾರೂ ಅಲುಗಾಡಸೂ ಹಾಂಗಿಲ್ಲ: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಉಳಿದ ಐದು ಹಬ್ಬ ಮಾಲೀಕರು, ಆಳುಗಳು ಕೂಡಿ ಮಾತಾಡಿ ಕಾರ್ಮಿಕ ನಿರೀಕ್ಷಕರ ಕಡಿಂದ ಗೊತ್ತು ಮಾಡಿಸ್ಕೋಬೇಕು. ನಮ್ಮ ಕರಡು ಹಿಂಗದ: ಶಿವರಾತ್ರಿ ಫೆ. 16, ಯುಗಾದಿ ಮಾ. 19, ರಂಜಾನ್ ಮಾ. 21, ದೀಪಾವಳಿ ನ. 8, ಕ್ರಿಸ್‌ಮಸ್ ಡಿ. 25. ವಾರದ ಸೂಟಿ ಐತವಾರ. ಎಳ್ಳ ಅಮಾಸಿ, ಬಕ್ರೀದ್, ಅಂಬೇಡ್ಕರ್ ಜಯಂತಿ ಬಿಟ್ಟೀರಿ ಅಂತ ತಕರಾರು ಬಂದಾವ. ತಿಳಿದವರು ಹೇಳ್ರಿ.

ಪಂಚಾಂಗದ ಪುಟ
ಮೊದಲು ದಿನಾಂಕ ಸರಿ ಮಾಡಿಕೊಳ್ಳಿ. ಶಿವರಾತ್ರಿ ಫೆಬ್ರವರಿ 16 ಅಲ್ಲ, 15. ನೀವು ಸೂರ್ಯೋದಯಕ್ಕೆ ಯಾವ ತಿಥಿ ಇದೆ ಎಂದು ನೋಡಿದ್ದೀರಿ, ಅಲ್ಲೇ ಎಡವಟ್ಟಾಗಿದೆ. ಮಾಘ ಬಹುಳ ಚತುರ್ದಶಿ 15ರ ಸಂಜೆ 5ರ ಸುಮಾರಿಗೆ ಹಿಡಿದು 16ರ ಸಂಜೆ ಐದೂವರೆಗೆ ಬಿಡುತ್ತದೆ. ಶಿವರಾತ್ರಿಗೆ ಬೇಕಾದದ್ದು ನಡುರಾತ್ರಿಯ ಚತುರ್ದಶಿ, ಅದು ಸಿಗುವುದು 15ರ ರಾತ್ರಿ ಮಾತ್ರ. ಅವತ್ತು ಭಾನುವಾರ.

ಎಲ್ಲ ಹಬ್ಬಕ್ಕೂ ಒಂದೇ ಅಳತೆ ಇಲ್ಲ. ಗಣೇಶ ಚೌತಿಗೆ ಮಧ್ಯಾಹ್ನದ ತಿಥಿ, ಲಕ್ಷ್ಮೀ ಪೂಜೆಗೆ ಸೂರ್ಯ ಮುಳುಗಿದ ಮೇಲಿನ ಹೊತ್ತಿನ ಅಮಾವಾಸ್ಯೆ, ಯುಗಾದಿಗೆ ಸೂರ್ಯೋದಯದ ಪಾಡ್ಯ. ಒಂದು ತಿಥಿ 19 ಗಂಟೆಯಿಂದ 26 ಗಂಟೆಯವರೆಗೂ ಎಳೆಯಬಹುದು. ಹಾಗಾಗಿ ಅಳತೆ ತಪ್ಪಿದರೆ ದಿನವೇ ತಪ್ಪುತ್ತದೆ. 2024ರ ದೀಪಾವಳಿ ಅಮಾವಾಸ್ಯೆ ಅಕ್ಟೋಬರ್ 31ರ ಸಂಜೆಯೂ ಇತ್ತು, ನವೆಂಬರ್ 1ರ ಸಂಜೆಯೂ ಇತ್ತು. ಪೂಜೆ ಯಾವತ್ತು ಎಂಬ ಗೊಂದಲ ಎದ್ದದ್ದು ಅದಕ್ಕೇ.

ನಿಮ್ಮ ಯುಗಾದಿ ಮಾರ್ಚ್ 19 ಸರಿ ಇದೆ, ಆದರೆ ಅದರಲ್ಲೂ ಒಂದು ಸೂಕ್ಷ್ಮ ಇದೆ. ಅಮಾವಾಸ್ಯೆ ಅವತ್ತು ಬೆಳಿಗ್ಗೆ 6-52ರವರೆಗೆ ಇದೆ, ಕಲಬುರಗಿಯಲ್ಲಿ ಸೂರ್ಯ ಅದಕ್ಕೂ ಮೊದಲೇ ಹುಟ್ಟಿರುತ್ತಾನೆ. ಪಾಡ್ಯ ಮರುದಿನದ ಸೂರ್ಯೋದಯಕ್ಕೆ ಮುಂಚೆಯೇ ಮುಗಿದುಬಿಡುತ್ತದೆ. ಯಾವ ಸೂರ್ಯೋದಯಕ್ಕೂ ಸಿಗದ ಇಂಥ ಪಾಡ್ಯ ಬಂದಾಗ ಯುಗಾದಿಯನ್ನು ಆ ಮೊದಲ ದಿನವೇ ಆಚರಿಸುವುದು ರೂಢಿ. ಯಾರಾದರೂ 20 ಎಂದು ವಾದ ತಂದರೆ ಇದನ್ನು ತೋರಿಸಿ.

ಕೂಲಿಲೆಕ್ಕ
ನವೆಂಬರ್ 8 ಕೂಡ ಭಾನುವಾರ. ನವೆಂಬರ್ 1 ಭಾನುವಾರ ಬಿದ್ದದ್ದು ಯಾರ ಕೈಯಲ್ಲೂ ಇಲ್ಲ. ಆದರೆ ಆರಿಸಲು ಬಿಟ್ಟ ಐದರಲ್ಲಿ ಭಾನುವಾರ ಬರೆದರೆ ಆಳಿನ ಒಂದು ಸಂಬಳದ ರಜೆ ಕಳೆದಂತೆಯೇ. ದೀಪಾವಳಿಗೆ ಬಲಿಪಾಡ್ಯಮಿ ಬರೆಯಿರಿ, ನವೆಂಬರ್ 10, ಮಂಗಳವಾರ. ಶಿವರಾತ್ರಿ ತೆಗೆಯಿರಿ, ಉಪವಾಸ ಜಾಗರಣೆ ಮಾಡುವವರಿಗೆ ಭಾನುವಾರ ಹೇಗೂ ಬಿಡುವಿದೆ. ಶರಣಬಸವೇಶ್ವರ ಜಾತ್ರೆಯ ತೇರೂ ಹಾಗೇ. ಫಾಲ್ಗುಣ ಬಹುಳ ಪಂಚಮಿ ಮಾರ್ಚ್ 8, ಅದೂ ಭಾನುವಾರ. ಈಗ ಒಂದು ಸ್ಥಾನ ಖಾಲಿ ಆಯಿತು.

ಭೀಮಾತೀರ, ಯಾದಗಿರಿ
ಆ ಖಾಲಿ ಜಾಗಾ ಎಳ್ಳ ಅಮಾಸಿಗೆ ಕೊಡ್ರಿ ಅಣ್ಣಾರ. ನಮ್ಮ ಕಲಬುರಗಿ, ಯಾದಗಿರಿ, ಬೀದರ ಜಿಲ್ಲಾದಾಗ ಕ್ರಿಸ್‌ಮಸ್ ದಿನ ಹಮಾಲರು ಸಿಗ್ತಾರ, ಎಳ್ಳ ಅಮಾಸಿ ದಿನ ಸಿಗಂಗಿಲ್ಲ. ಅದು ಒಂದೇ ದಿನದ ಕೆಲಸಾನೂ ಅಲ್ಲ. ಭಜ್ಜಿ ಪಲ್ಯಕ್ಕ ಹಸಿ ಕಡ್ಲಿ, ತೊಗರಿ, ಅವರಿ, ಬಟಾಣಿ ಎಲ್ಲಾ ಹಿಂದಿನ ದಿನಾನೇ ಸುಲಿದು ಇಡಬೇಕು. ಸೊಪ್ಪು ಸೋಸಬೇಕು, ಎಳ್ಳು ಹಚ್ಚಿ ಸಜ್ಜಿ ರೊಟ್ಟಿ ಬಡೀಬೇಕು, ಶೇಂಗಾ ಹೋಳಿಗಿ ಮಾಡಬೇಕು. ಮುಂಜಾನೆ ಬುಟ್ಟಿ ಹೊತ್ತು ಹೊಲಕ್ಕ ಹೋಗಿ, ಐದು ಕಲ್ಲು ಪಾಂಡವರಂತ ಇಟ್ಟು ಪೂಜಿ ಮಾಡಿ, ನಿಂತ ಬೆಳಿಗೆ ಚರಗಾ (ನೈವೇದ್ಯದ ಅಡಿಗಿ) ಚೆಲ್ಲಿ, ಆಮ್ಯಾಲ ಬಂದವರಿಗೆಲ್ಲಾ ಊಟ. ಜಾತಿ ಧರ್ಮ ನೋಡದೇ ಹೊಲಕ್ಕ ಕರೀತಾರ. ಹಿಂದಿನ ದಿನ ಮಧ್ಯಾಹ್ನ 2ಕ್ಕ ಮಿಲ್ ಬಿಟ್ರ ಹೆಣ್ಮಕ್ಕಳಿಗೆ ಭಾಳ ಅನುಕೂಲ.

ಪಂಚಾಂಗದ ಪುಟ
ನಿಮ್ಮ ಮಾತು ನೂರಕ್ಕೆ ನೂರು ಸರಿ. ಆದರೆ 2026ರಲ್ಲಿ ಎಳ್ಳ ಅಮಾವಾಸ್ಯೆಯೇ ಇಲ್ಲ.

ಅದು ಮಾರ್ಗಶಿರದ ಅಮಾವಾಸ್ಯೆ. 2025ರಲ್ಲಿ ಅದು ಡಿಸೆಂಬರ್ 19ಕ್ಕೆ. 2026ರ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಎಂಬ ಹೆಚ್ಚುವರಿ ತಿಂಗಳು ಬರುತ್ತದೆ, ಅಲ್ಲಿಂದ ಮುಂದಿನ ಹಬ್ಬವೆಲ್ಲ ಒಂದು ತಿಂಗಳು ತಡವಾಗುತ್ತದೆ. ಹಾಗಾಗಿ ಮುಂದಿನ ಎಳ್ಳ ಅಮಾವಾಸ್ಯೆ 2027ರ ಜನವರಿ 7, ಗುರುವಾರ. ಅದರ ಮುಂದಿನದು ಅದೇ 2027ರ ಡಿಸೆಂಬರ್ 27, ಸೋಮವಾರ. 2026ಕ್ಕೆ ಸೊನ್ನೆ, 2027ಕ್ಕೆ ಎರಡು. ಹಿಂದೆಯೂ ಹೀಗೇ ಆಗಿದೆ: 2023ರಲ್ಲಿ ಒಂದೂ ಬರಲಿಲ್ಲ, 2024ರಲ್ಲಿ ಜನವರಿ 11 ಮತ್ತು ಡಿಸೆಂಬರ್ 30. ಕಾಯ್ದೆ ಲೆಕ್ಕ ಹಾಕುವುದು ಜನವರಿಯಿಂದ ಡಿಸೆಂಬರ್. ಹೋದ ವರ್ಷದ ಪಟ್ಟಿಯನ್ನೇ ನಕಲು ಮಾಡಿ ಡಿಸೆಂಬರ್ ಅಮಾವಾಸ್ಯೆಗೆ ರಜೆ ಬರೆದರೆ, ಡಿಸೆಂಬರ್ 8ಕ್ಕೆ ಬರುವ ಕಾರ್ತಿಕ ಅಮಾವಾಸ್ಯೆಗೆ ಮಿಲ್ ಮುಚ್ಚಿ ಕೂರಬೇಕಾಗುತ್ತದೆ.

ಕಾರ ಹುಣ್ಣಿಮೆಗೂ ಇದೇ ಎಚ್ಚರ ಬೇಕು. ಮೇ 31ರ ಹುಣ್ಣಿಮೆ ಅಧಿಕದ್ದು, ಅವತ್ತು ಎತ್ತು ಸಿಂಗರಿಸುವುದಿಲ್ಲ. ನಿಜ ಜ್ಯೇಷ್ಠದ ಹುಣ್ಣಿಮೆ ಜೂನ್ 29.

ಭೀಮಾತೀರ, ಯಾದಗಿರಿ
ಹಂಗಾದ್ರ ಈಗಲೇ ಬರದು ಇಡ್ರಿ, 2027ಕ್ಕ ಎರಡೂ ಕೊಡಬೇಕು ಅಂತ. ಒಂದು ವರ್ಷ ಇಲ್ಲ ಅಂತ ಕೈ ಬಿಟ್ಟು, ಮರು ವರ್ಷ ‘ಒಂದು ಹಬ್ಬಕ್ಕ ಒಂದೇ ರಜೆ’ ಅಂದ್ರ ಅದು ಅನ್ಯಾಯ.

ಕಾರಂಜಾ, ಬೀದರ
ರಂಜಾನ್ ಬಗ್ಗೆ ಹೇಳ್ತೀನಿ. ಪಂಚಾಂಗದವರು ಹೇಳಿದ ಮಾರ್ಚ್ 19ರ ಅಮಾಸಿನೇ ಯುಗಾದಿನೂ ತರ್ತದ, ಈದ್ ಚಾಂದನೂ ತರ್ತದ. ರೋಜಾ ಫೆಬ್ರವರಿ 19ಕ್ಕ ಶುರು ಆದ್ರ, 29ನೇ ರೋಜಾ ಮಾರ್ಚ್ 19ಕ್ಕ. ಅವತ್ತಿನ ಸಂಜೀಗೆ ಚಂದ್ರ ಹುಟ್ಟಿ ಹನ್ನೆರಡು ತಾಸೂ ಆಗಿರಂಗಿಲ್ಲ, ಬರಿಗಣ್ಣಿಗೆ ಕಾಣೂದು ಭಾಳ ಕಷ್ಟ. 30 ರೋಜಾ ಪೂರಾ ಆಗಿ 21, ಶನಿವಾರ ಈದ್ ಆಗೂದೇ ಹೆಚ್ಚು. ಆದ್ರೂ ಪಟ್ಟಿಯಾಗ ‘ಚಂದ್ರದರ್ಶನಕ್ಕೆ ಒಳಪಟ್ಟು’ ಅಂತ ಬರೀಲೇಬೇಕು. ಸರ್ಕಾರಿ ಆದೇಶದಾಗೂ, ಹೇಳಿದ ದಿನಕ್ಕ ಹಬ್ಬ ಬರದಿದ್ರ ಮುಸ್ಲಿಂ ನೌಕರರಿಗೆ ಆಚರಿಸೋ ದಿನ ರಜೆ ಕೊಡ್ರಿ ಅಂತ ಬರೀತಾರ.

ಭಾಳ ಮಂದಿ ‘ಮುಸ್ಲಿಂ ಹಬ್ಬ ಎಲ್ಲಾ ಕೊನೀ ಘಳಿಗಿದಾಗ ಗೊತ್ತಾಗ್ತಾವ, ಪಾಳಿ ಹಚ್ಚಾಕ ಬರಂಗಿಲ್ಲ’ ಅಂತಾರ. ಅದು ತಪ್ಪು. ಹಿಂದಿನ ರಾತ್ರಿ ಗೊತ್ತಾಗೋದು ರಂಜಾನ್ ಒಂದೇ, ಯಾಕಂದ್ರ ಅದು ತಿಂಗಳ ಒಂದನೇ ತಾರೀಖು. ಬಕ್ರೀದ್ ಜಿಲ್‌ಹಜ್ ತಿಂಗಳ 10ಕ್ಕ. ಮೇ 17ರ ಸಂಜಿ ಚಂದ್ರ ಕಂಡ್ರ ಮೇ 27, ಕಾಣದಿದ್ರ 28. ಹತ್ತು ದಿನ ಮೊದಲೇ ಪಕ್ಕಾ ಆಗ್ತದ. ಮೊಹರಮ್ಮೂ 10ನೇ ದಿನ, ಲೆಕ್ಕದ ಪ್ರಕಾರ ಜೂನ್ 26. ಈದ್ ಮಿಲಾದ್ ಅದರ ತಿಂಗಳ 12ನೇ ದಿನ.

ಇನ್ನೊಂದು, ಪಗಾರ. ಫಿತ್ರಾ ದಾನ ಈದ್ ನಮಾಜಿಗಿಂತ ಮೊದಲೇ ಕೊಡಬೇಕು. ಪಗಾರ 20ನೇ ತಾರೀಖಿಗೆ ಕೊಡೂಣು ಅಂತ ಇಟ್ಕೊಂಡು ಈದ್ 20ಕ್ಕೇ ಆಗಿಬಿಟ್ರ ಆಳಿನ ಕೈ ಖಾಲಿ. ಮುಂಗಡ 18ಕ್ಕೇ ಕೊಟ್ಟುಬಿಡ್ರಿ, ಮರುದಿನ ಯುಗಾದಿ ಮಾಡೋರಿಗೂ ಆಗ್ತದ.

ತೊಗರಿಕಣಜ, ಕಲಬುರಗಿ
19 ಗುರುವಾರ ಯುಗಾದಿ, 21 ಶನಿವಾರ ಈದ್, 22 ಐತವಾರ. ನಡುವ ಶುಕ್ರವಾರ ಒಂದೇ ಕೆಲಸದ ದಿನ. ಮಾಲು ಏನು ಮಾಡೂದು?

ಕೂಲಿಲೆಕ್ಕ
ಆ ವಾರ ಹೊಸ ತೊಗರಿಗೆ ನೀರು ಚಿಮುಕಿಸಬೇಡಿ, ಇದು ಮುಖ್ಯ. ಎಣ್ಣೆ ಹಚ್ಚಿ ರಾಶಿ ಹಾಕಿದ ತೊಗರಿ ಒಂದೆರಡು ದಿನ ಕಾದರೂ ತಡೆಯುತ್ತದೆ. ನೀರು ಹೊಡೆದು ಒಂದು ರಾತ್ರಿ ಮುಚ್ಚಿಟ್ಟದ್ದು ಮರುದಿನ ಅಂಗಳದಲ್ಲಿ ಹರವಿ ಒಣಗದಿದ್ದರೆ ರಾಶಿಯೊಳಗೆ ಬಿಸಿ ಏರಿ ಮುಗ್ಗಲು ವಾಸನೆ ಬರುತ್ತದೆ, ಸಿಪ್ಪೆ ಬಿಡುವಾಗ ಬೇಳೆಯೂ ಒಡೆದು ನುಚ್ಚಾಗುತ್ತದೆ. ಬಿಸಿಲಿಗೆ ಹಾಕುವ ಮಾಲನ್ನು 17ರೊಳಗೆ ಒಣಗಿಸಿ ಚೀಲಕ್ಕೆ ಇಳಿಸಿ. 20ರ ಶುಕ್ರವಾರ ಬರೀ ಪಾಲಿಶ್, ತೂಕ, ಲೋಡಿಂಗ್ ಇಟ್ಟುಕೊಳ್ಳಿ. ಮಧ್ಯಾಹ್ನದ ನಮಾಜಿಗೆ ಒಂದೂವರೆ ಗಂಟೆ ಬಿಡಿ. ಅಕಸ್ಮಾತ್ ಈದ್ 20ಕ್ಕೇ ಆದರೂ ಹಾಳಾಗುವ ಮಾಲು ಅಂಗಳದಲ್ಲಿ ಇರುವುದಿಲ್ಲ.

ವಿಹಾರದ ದಾರಿ, ಕಲಬುರಗಿ
ಖಾಲಿ ಸ್ಥಾನಕ್ಕೆ ಏಪ್ರಿಲ್ 14, ಮಂಗಳವಾರ, ಅಂಬೇಡ್ಕರ್ ಜಯಂತಿ ಬರೆಯಬೇಕು. ಬುದ್ಧ ಪೂರ್ಣಿಮೆ 2026ರಲ್ಲಿ ಮೇ 1ಕ್ಕೆ ಬರುತ್ತದೆ, ಅಂದರೆ ಕಾರ್ಮಿಕರ ದಿನದೊಳಗೆ ಸೇರಿಹೋಯಿತು. ಬೌದ್ಧ ಆಳುಗಳಿಗೆ ಬೇರೆ ದಿನ ಸಿಗುವುದಿಲ್ಲ. ‘ದಸರಾ ಇದೆಯಲ್ಲ, ಧಮ್ಮಚಕ್ರ ಪ್ರವರ್ತನ ದಿನ ಅದೇ’ ಎಂಬ ಉತ್ತರ ಕೊಡಬೇಡಿ. 1956ರ ವಿಜಯದಶಮಿ ಅಕ್ಟೋಬರ್ 14ಕ್ಕೆ ಬಂದಿತ್ತು, ಅಂಬೇಡ್ಕರರು ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದದ್ದು ಅವತ್ತು. ಕೆಲವರು ತಿಥಿ ಹಿಡಿಯುತ್ತಾರೆ, ಕೆಲವರು ತಾರೀಖು ಹಿಡಿಯುತ್ತಾರೆ. 2026ರಲ್ಲಿ ಇವೆರಡರ ನಡುವೆ ಸುಮಾರು ಒಂದು ವಾರದ ಅಂತರ ಇದೆ. ಮೇಲಾಗಿ ದಸರಾ ನಿಮ್ಮ ಪಟ್ಟಿಯಲ್ಲೇ ಇಲ್ಲ.

ಕಾರಂಜಾ, ಬೀದರ
ಜಯಂತಿಗೆ ನನ್ನ ವಿರೋಧ ಇಲ್ಲ, ಆದ್ರ ಬಕ್ರೀದ್ ಯಾಕ ಹೊರಗ? ನಮಾಜ್ ಆದ ಮ್ಯಾಲ ಕುರ್ಬಾನಿ, ಮಾಂಸ ಮೂರು ಪಾಲು ಮಾಡಿ ಮನಿಗೊಂದು, ಬೀಗರು ಬಿಜ್ಜರಿಗೊಂದು, ಬಡವರಿಗೊಂದು ಹಂಚೂದು. ಅರ್ಧ ದಿನದಾಗ ಮುಗಿಯೂ ಕೆಲಸ ಅಲ್ಲ. ಇಲ್ಲಿ ಬೀದರದಾಗ ನಾನಕ್ ಝೀರಾ ಗುರುದ್ವಾರದ ಕಡಿ ಕೆಲಸ ಮಾಡೋರಿಗೆ ನವೆಂಬರ್ 24, ಕಾರ್ತಿಕ ಹುಣ್ಣಿವಿ, ಗುರುನಾನಕ್ ಜಯಂತಿನೂ ಬೇಕಾಗ್ತದ. ಎಲ್ಲಾರಿಗೂ ಒಂದೇ ಐದು ಅನ್ನೋದರ ಬದಲಿ ಮೂರು ಸಾಮಾನ್ಯ, ಎರಡು ಅವರವರ ಇಷ್ಟ ಅಂತ ಮಾಡ್ರಿ.

ಕೂಲಿಲೆಕ್ಕ
ಇದಕ್ಕೆ ನಾನು ಒಪ್ಪುವುದಿಲ್ಲ ಸಾಹೇಬರೇ. ಕಾಯ್ದೆ ಐದು ಹಬ್ಬವನ್ನು ಸಂಸ್ಥೆಗೆ ಗೊತ್ತು ಮಾಡುತ್ತದೆ, ಆಳಾಳಿಗೆ ಅಲ್ಲ. ಐದರಲ್ಲಿ ಎರಡನ್ನು ‘ಇಷ್ಟ’ ಎಂದು ಬಿಟ್ಟರೆ ನಾಳೆ ಒಬ್ಬನಿಗೆ ಮೂರೇ ಸಿಕ್ಕಿರುತ್ತದೆ, ಉಳಿದೆರಡು ಕೇಳಲಿಲ್ಲ ಎಂದು ಮಾಲೀಕರು ಹೇಳುತ್ತಾರೆ. ಸಾಬೀತು ಮಾಡುವ ಕಾಗದ ಇರುವುದಿಲ್ಲ. ಐದೂ ಎಲ್ಲರಿಗೂ ಒಂದೇ ಇರಲಿ. ಅದರ ಮೇಲೆ ಸಂಬಳ ಸಹಿತ ಎರಡು ಐಚ್ಛಿಕ ರಜೆ ಕೊಡಲಿ; ಐದಕ್ಕಿಂತ ಹೆಚ್ಚು ಕೊಡುವುದನ್ನು ಕಾಯ್ದೆ ತಡೆಯುವುದಿಲ್ಲ. ಅವನ್ನು ಬಕ್ರೀದ್, ಗುರುನಾನಕ್ ಜಯಂತಿ, ಮಹಾವೀರ ಜಯಂತಿ, ಗುಡ್ ಫ್ರೈಡೇ, ಯಾವುದಕ್ಕಾದರೂ ತೆಗೆದುಕೊಳ್ಳಲಿ. ಹದಿನೈದು ದಿನ ಮೊದಲು ಹೇಳಬೇಕು ಎಂಬ ಷರತ್ತು ಹಾಕಿದರೆ ಬಕ್ರೀದಿಗೆ ಆಗುವುದಿಲ್ಲ, ಏಳು ದಿನ ಎಂದು ಬರೆಯಿರಿ.

ಹಬ್ಬದ ರಜೆಯ ದಿನ ಕೆಲಸಕ್ಕೆ ಕರೆದರೆ ಎರಡು ಪಟ್ಟು ಕೂಲಿ, ಇಲ್ಲವೇ ಅವತ್ತಿನ ಕೂಲಿ ಕೊಟ್ಟು ಬೇರೊಂದು ದಿನ ಸಂಬಳ ಸಹಿತ ಬದಲಿ ರಜೆ. ಬರೀ ಬದಲಿ ದಿನ ಕೊಟ್ಟು ಕೂಲಿ ಹಿಡಿಯುವಂತಿಲ್ಲ.

ಗಂಟೆಗೋಪುರ, ಬೀದರ
ಕ್ರಿಸ್‌ಮಸ್ ಉಳಿಸಿದ್ದಕ್ಕೆ ಸಂತೋಷ. ಡಿಸೆಂಬರ್ 24ರ ರಾತ್ರಿ ಆರಾಧನೆ ಇರುತ್ತದೆ, ಅವತ್ತು ಕ್ರೈಸ್ತ ಆಳುಗಳನ್ನು ರಾತ್ರಿ ಪಾಳಿಗೆ ಹಾಕಬೇಡಿ. ಗುಡ್ ಫ್ರೈಡೇ 2026ರಲ್ಲಿ ಏಪ್ರಿಲ್ 3. ಮಾರ್ಚ್ 21 ಅಥವಾ ಅದರ ನಂತರ ಬರುವ ಹುಣ್ಣಿಮೆ ಆದ ಮೇಲಿನ ಮೊದಲ ಭಾನುವಾರ ಈಸ್ಟರ್. ಅದಕ್ಕೆ ಎರಡು ದಿನ ಹಿಂದಿನ ಶುಕ್ರವಾರ ಇದು. ಹಾಗಾಗಿ ಮಾರ್ಚ್ 20ರಿಂದ ಏಪ್ರಿಲ್ 23ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಹೋದ ವರ್ಷದ ತಾರೀಖು ಕೆಲಸಕ್ಕೆ ಬರುವುದಿಲ್ಲ. ಪೂರ್ತಿ ದಿನ ಆಗದಿದ್ದರೆ ಮಧ್ಯಾಹ್ನ 12ರಿಂದ 3ರವರೆಗೆ ಬಿಡಿ, ಮೂರು ತಾಸಿನ ಆರಾಧನೆ ಆಗ ನಡೆಯುತ್ತದೆ. ಇನ್ನೊಂದು ವಿನಂತಿ: ಅವತ್ತು ನೋಟಿಸ್ ಬೋರ್ಡಿನಲ್ಲಿ ‘ಹಾರ್ದಿಕ ಶುಭಾಶಯಗಳು’ ಎಂದು ಬರೆಯಬೇಡಿ. ಅದು ಶಿಲುಬೆಯ ದಿನ.

ಕಾರಂಜಾ, ಬೀದರ
ಮೊಹರಮ್ ಹತ್ತಕ್ಕೂ ಶುಭಾಶಯ ಬ್ಯಾಡ. ಇಮಾಮ್ ಹುಸೇನ್ ಕರ್ಬಲಾದಾಗ ಹುತಾತ್ಮರಾದ ದಿನ ಅದು. ಪಾಳಿ ಹಚ್ಚೋರು ಒಂದು ತಿಳ್ಕೋಬೇಕು, ಇಸ್ಲಾಮಿ ದಿನ ಹೊತ್ತು ಮುಳುಗಿದಾಗ ಶುರು. ಖತಲ್ ರಾತ್ರಿ ಅಂದ್ರ 10ನೇ ದಿನದ ಮುಂಚಿನ ರಾತ್ರಿ, ಜೂನ್ 25ರದು. ಹಳ್ಳಿಗಳಾಗ ಅಲಾಯಿ ಕುಣಿ (ಬೆಂಕಿ ಕುಂಡ) ಸುತ್ತ ಹಿಂದೂ ಮಂದಿನೂ ರಾತ್ರಿ ಪೂರಾ ಎದ್ದಿರ್ತಾರ. ರಜೆ 26ಕ್ಕ ಕೊಟ್ಟು 25ರ ರಾತ್ರಿ ಪಾಳಿ ಹಾಕಿದ್ರ ಆ ರಜೆ ಉಪಯೋಗಕ್ಕ ಬರಂಗಿಲ್ಲ. ಶಬ್-ಎ-ಬರಾತ್ ಜಾಗರಣೆಗೂ ಇದೇ ಲೆಕ್ಕ.

ಐಚ್ಛಿಕ ಎರಡು ಕೊಟ್ರ ನಂದು ಸಮ್ಮತಿ. ಕೊಡದಿದ್ರ ಐದರಾಗ ಬಕ್ರೀದ್ ಬೇಕೇ ಬೇಕು ಅನ್ನೋ ಮಾತು ನಾ ಬಿಡಂಗಿಲ್ಲ.

ತೊಗರಿಕಣಜ, ಕಲಬುರಗಿ
ತಿದ್ದಿದ ಪಟ್ಟಿ ಇದು, ನಾಳೆ ಗೇಟಿಗೆ ಅಂಟಿಸಿ ಆಳುಗಳ ಅಭಿಪ್ರಾಯ ತಗೋತೀವಿ: ಯುಗಾದಿ ಮಾ. 19, ರಂಜಾನ್ ಮಾ. 21, ಚಂದ್ರದರ್ಶನಕ್ಕೆ ಒಳಪಟ್ಟು, 20ಕ್ಕೆ ಆದರೆ ರಜೆಯೂ 20ಕ್ಕೆ. ಅಂಬೇಡ್ಕರ್ ಜಯಂತಿ ಏ. 14, ಬಲಿಪಾಡ್ಯಮಿ ನ. 10, ಕ್ರಿಸ್‌ಮಸ್ ಡಿ. 25. ಮ್ಯಾಲ ಎರಡು ಐಚ್ಛಿಕ, ಏಳು ದಿನ ಮೊದಲು ತಿಳಿಸಬೇಕು, ಮಾಲೀಕರು ಇನ್ನೂ ಒಪ್ಪಿಲ್ಲ. ಕೆಳಗ ಬ್ಯಾರೆ ಸಾಲಿನಾಗ: 2027ರ ಜನವರಿ 7 ಮತ್ತು ಡಿಸೆಂಬರ್ 27, ಎಳ್ಳ ಅಮಾವಾಸ್ಯೆ, ಎರಡೂ ಮುಂದಿನ ಪಟ್ಟಿಗೆ.

ಭೀಮಾತೀರ, ಯಾದಗಿರಿ
ಜನವರಿ 6ಕ್ಕ ಮಧ್ಯಾಹ್ನ 2ಕ್ಕ ಬಿಡೂದು ಅಂತನೂ ಅದೇ ಸಾಲಿನಾಗ ಸೇರಿಸ್ರಿ.