ಗುಜರಿಯೂ ಒಯ್ಯದ ಒಣಕಸ ಉರುವಲಾದೀತೇ?

ಶಿರಸಿ ಒಣಕಸ ಶೆಡ್
ಬಾಟಲಿ, ರಟ್ಟು, ಹಾಲಿನ ಕವರ್ ಗುಜರಿಗೆ ಹೋದ ಮೇಲೆ ಚಿಪ್ಸ್ ಪೊಟ್ಟಣ, ಹರಿದ ಬಟ್ಟೆ, ಚಪ್ಪಲಿ, ಕೊಳೆ ಕಾಗದ, ಫ್ಲೆಕ್ಸ್ ಉಳಿಯುತ್ತವೆ. ಚೂರು ಮಾಡಿ ಅಡಕೆ ಸಿಪ್ಪೆಯ ಜೊತೆ ಇಟ್ಟಿಗೆಯಾಗಿ ಒತ್ತಿ, ಬಚ್ಚಲೊಲೆಗೆ, ಅಡಕೆ ಬೇಯಿಸುವ ಒಲೆಗೆ ಮಾರಬಹುದೇ? ತೇವ ಎಷ್ಟಿರಬೇಕು?

ಘಟ್ಟದ ಮೇಲೆ
ದಯವಿಟ್ಟು ಯಾವ ಒಲೆಗೂ ಕೊಡಬೇಡಿ. ಫ್ಲೆಕ್ಸ್ ಎಂದರೆ ಪಿವಿಸಿ ಎಂಬ ಪ್ಲಾಸ್ಟಿಕ್, ಅದರಲ್ಲಿ ಕ್ಲೋರಿನ್ ಇದೆ. ಒಲೆಯ ಅರೆಬರೆ ಬೆಂಕಿಯಲ್ಲಿ ಅದು ಆಮ್ಲದ ಹೊಗೆಯಾಗುತ್ತದೆ, ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುತ್ತದೆ. ಬೂದಿಯನ್ನು ಕೊನೆಗೆ ತೋಟಕ್ಕೇ ಹಾಕುತ್ತೀರಲ್ಲ! ಅಡಕೆ ಸಿಪ್ಪೆ ಶುದ್ಧ ಉರುವಲು, ಅದನ್ನು ಬೇರೆಯೇ ಇಡಿ.

ಫ್ಲೆಕ್ಸ್ ಬಿಟ್ಟು ಉಳಿದ ಕಸದ ಜಾಗ ಸಿಮೆಂಟ್ ಕಾರ್ಖಾನೆಯ ಗೂಡು. ಅಲ್ಲಿ ಜ್ವಾಲೆ 1800 ಡಿಗ್ರಿ ದಾಟುತ್ತದೆ, ಬೂದಿ ಸಿಮೆಂಟಾಗಿ ಅರೆಯುವ ಗಟ್ಟಿಯಾದ ಕ್ಲಿಂಕರ್‌ನಲ್ಲೇ ಸೇರಿಹೋಗುತ್ತದೆ. ಕಿಲೋಗೆ 1500 ಕಿಲೋಕ್ಯಾಲರಿ ಮೀರಿದ ಕಸವನ್ನು ಹೂಳಬಾರದೆಂದು 2016ರ ಘನತ್ಯಾಜ್ಯ ನಿಯಮವೇ ಹೇಳಿತ್ತು. ಕಸದ ಉರುವಲಿನ ಬಗೆಗಿನ 2018ರ ಕೇಂದ್ರ ಮಾರ್ಗಸೂಚಿಯ ಮೂರನೇ ದರ್ಜೆಗೆ ತೇವ ಶೇ. 20, ಬೂದಿ ಶೇ. 15, ಕ್ಲೋರಿನ್ ಶೇ. 1ರೊಳಗೆ ಇರಬೇಕು, ಶಾಖ ಕಿಲೋಗೆ 3000 ಕಿಲೋಕ್ಯಾಲರಿ ದಾಟಬೇಕು.

ಈ ಮಿತಿಗಳಲ್ಲಿ ಕಸ ಸೋಲುವುದು ಹೆಚ್ಚಾಗಿ ತೇವದಲ್ಲಿ. ಒಂದು ಕಿಲೋ ನೀರು ಆವಿಯಾಗಲು ಸುಮಾರು 600 ಕಿಲೋಕ್ಯಾಲರಿ ನುಂಗುತ್ತದೆ. ರಾಶಿಯ ಐದಾರು ಕಡೆಯಿಂದ ತೆಗೆದು ಒಂದು ಕಿಲೋ ತೂಗಿ, 105 ಡಿಗ್ರಿಯ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. 200 ಗ್ರಾಂ ಕಡಿಮೆಯಾದರೆ ತೇವ ಶೇ. 20. ಬೇಸಿಗೆಯಲ್ಲೇ ಒಣಗಿಸಿ ಬೇಲ್ ಕಟ್ಟಿ, ಮಾಡಿನಡಿ ಮರದ ಅಟ್ಟಣಿಗೆಯ ಮೇಲಿಡಿ. ನೆಲಕ್ಕೆ ತಾಗಿದರೆ ಆಷಾಢದಲ್ಲಿ ಅಡಿಯ ಸಾಲು ಪೂರ್ತಿ ನೀರು ಕುಡಿಯುತ್ತದೆ.

ಕಾರವಾರ ಕಡಲತಡಿ
ಕರಾವಳಿಯವರಿಗೆ ಇನ್ನೆರಡು ಮಾತು. ದಂಡೆಯಲ್ಲಿ ಆರಿಸಿದ ಕಸದಲ್ಲಿ ಮರಳು ಬೂದಿಯನ್ನೂ ಉಪ್ಪು ಕ್ಲೋರಿನ್ನನ್ನೂ ಏರಿಸುತ್ತವೆ. ಕೊಡವಿ, ಸಿಹಿನೀರಲ್ಲಿ ತೊಳೆದು ಒಣಗಿಸಿ. ಮೀನುಬಲೆಯನ್ನು ಗೇಣುದ್ದ ಕತ್ತರಿಸದೆ ಹಾಕಿದರೆ ಚೂರು ಯಂತ್ರದ ಶಾಫ್ಟಿಗೆ ಸುತ್ತಿಕೊಂಡು ಯಂತ್ರ ನಿಲ್ಲುತ್ತದೆ.

ಈ ಕಸದ ಉರುವಲನ್ನು ಪೂರ್ತಿ ನವೀಕರಿಸಬಹುದಾದ ಇಂಧನ ಎನ್ನಲಾಗದು. ಕಾಗದ, ಹತ್ತಿ ಬಟ್ಟೆಯ ಪಾಲು ಮಾತ್ರ ಹಾಗೆ. ಪ್ಲಾಸ್ಟಿಕ್ ಕಚ್ಚಾತೈಲದ ಕೂಸು.

ಶಿರಸಿ ಒಣಕಸ ಶೆಡ್
ಫ್ಲೆಕ್ಸ್ ಇಂದಿನಿಂದಲೇ ಬೇರೆ. ಚಪ್ಪಲಿಯಲ್ಲಿ ಪಿವಿಸಿ ಯಾವುದೆಂದು ತಿಳಿಯುವುದು ಹೇಗೆ?

ಘಟ್ಟದ ಮೇಲೆ
ತಾಮ್ರದ ತಂತಿಯ ತುದಿಯನ್ನು ಜ್ವಾಲೆಯ ಹಸಿರು ಹೋಗುವವರೆಗೆ ಕಾಯಿಸಿ, ಚಪ್ಪಲಿಗೆ ಒತ್ತಿ, ಮತ್ತೆ ಜ್ವಾಲೆಗೆ ಹಿಡಿಯಿರಿ. ಹಸಿರು ಬಂದರೆ ಕ್ಲೋರಿನ್ ಇದೆ, ಪಕ್ಕಕ್ಕಿಡಿ. ಬಯಲಲ್ಲೇ ಮಾಡಿ, ಹೊಗೆ ಕುಡಿಯಬೇಡಿ. ಮಳೆಗಾಲದ ಚಪ್ಪಲಿಗಳನ್ನು ಮೊದಲು ನೋಡಿ, ಅವುಗಳಲ್ಲಿ ಪಿವಿಸಿ ಜಾಸ್ತಿ.