ಪದಚರ್ಚೆ: ಉಕ್ಕಿನ ‘ಹದ’ ಯಾವ ಹಂತಕ್ಕೆ ಸಲ್ಲಬೇಕು?

ಎಲ್ಲರಿಗೂ ನಮಸ್ಕಾರ.

ಐಟಿಐ ಫಿಟ್ಟರ್ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಪಾಠದ ಟಿಪ್ಪಣಿ ಬರೆಯುತ್ತಿದ್ದೇನೆ. ಕ್ವೆಂಚಿಂಗ್ (ಕಾದ ಲೋಹವನ್ನು ಥಟ್ಟನೆ ತಣಿಸುವುದು), ಟೆಂಪರಿಂಗ್ (ಹಾಗೆ ಗಡಸಾದ ಉಕ್ಕನ್ನು ಮತ್ತೆ ಸ್ವಲ್ಪ ಕಾಯಿಸುವುದು), ಅನೀಲಿಂಗ್ (ಕಾಯಿಸಿ ನಿಧಾನಕ್ಕೆ ಆರಲು ಬಿಡುವುದು) ಮೂರಕ್ಕೂ ‘ಹದಗೊಳಿಸುವಿಕೆ’ ಅಂತಲೇ ಬರೆದಿರುವುದು ಆಗಾಗ ಕಣ್ಣಿಗೆ ಬೀಳುತ್ತದೆ. ಇದು ಸರಿಯಲ್ಲ. ಮೂರೂ ಕಾಯಿಸಿ ತಣ್ಣಗಾಗಿಸುವ ಕೆಲಸವೇ, ಆದರೆ ಲೋಹದೊಳಗೆ ನಡೆಯುವುದು ಬೇರೆ ಬೇರೆ.

ಕಲ್ಲು ಒಡೆಯುವ ಚಾಣವನ್ನೇ ನೋಡಿ. ಸುಮಾರು 0.8% ಇಂಗಾಲ ಇರುವ ಉಕ್ಕು ಅಂದುಕೊಳ್ಳೋಣ. ಕುಲುಮೆಯಲ್ಲಿ 800 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಕಾಯಿಸಿದಾಗ ಇಂಗಾಲ ಕಬ್ಬಿಣದಲ್ಲಿ ಕರಗಿ ಸೇರಿಕೊಳ್ಳುತ್ತದೆ. ಬೂದಿಯಲ್ಲಿ ಹೂತು ನಿಧಾನಕ್ಕೆ ಆರಲು ಬಿಟ್ಟರೆ ಅದು ಬೇರ್ಪಟ್ಟು, ಮೆತ್ತನೆಯ ಪದರ, ಗಡಸು ಪದರ ಒಂದರ ಪಕ್ಕ ಒಂದು ಕೂರುತ್ತವೆ. ಇದು ಪರ್ಲೈಟ್. ಅರ ಹಾಕಿ ಉಜ್ಜಬಹುದು. ಅದೇ ಉಕ್ಕನ್ನು ಥಟ್ಟನೆ ನೀರಿಗೆ ಅದ್ದಿದರೆ ಇಂಗಾಲಕ್ಕೆ ಹೊರಬರಲು ಹೊತ್ತೇ ಸಿಗುವುದಿಲ್ಲ. ಹರಳಿನೊಳಗೆ ಸಿಕ್ಕಿಬಿದ್ದು ಅದನ್ನು ಎಳೆದು ಬಿಗಿಮಾಡುತ್ತದೆ. ಇದು ಮಾರ್ಟೆನ್ಸೈಟ್. ಅರ ಜಾರುತ್ತದೆ, ಆದರೆ ಸುತ್ತಿಗೆ ಪೆಟ್ಟಿಗೆ ಚಾಣದ ತುದಿ ಗಾಜಿನ ಹಾಗೆ ಸಿಡಿಯುತ್ತದೆ.

ಹದ ಬರುವುದು ಇದಾದ ಮೇಲೆ, ಅಲ್ವಾ? ಕಮ್ಮಾರರು ತುದಿಯನ್ನಷ್ಟೇ ಅದ್ದಿ, ಹಿಂಭಾಗದಲ್ಲಿ ಕಾವು ಉಳಿಸಿಕೊಂಡು, ತುದಿಯನ್ನು ಕಲ್ಲಿಗೆ ಉಜ್ಜಿ ಹೊಳಪು ಬರಿಸುತ್ತಾರೆ. ಕಾವು ಮುಂದಕ್ಕೆ ಹರಿದಂತೆ ಬಣ್ಣಗಳೂ ತುದಿಯ ಕಡೆ ಸರಿಯುತ್ತವೆ. ಸುಮಾರು 220 ಡಿಗ್ರಿಗೆ ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ. ಬೇಕಾದ ಬಣ್ಣ ತುದಿ ಮುಟ್ಟಿದ ಕೂಡಲೇ ಮತ್ತೆ ನೀರಿಗೆ. ಗಡಸು ಸ್ವಲ್ಪ ಇಳಿದು, ಪೆಟ್ಟು ತಾಳುವ ಶಕ್ತಿ ಬರುತ್ತದೆ. ಅದ್ದಿದ್ದು ಎರಡು ಸಲ. ಮೊದಲನೆಯದು ಗಡಸು ಮಾಡಲು, ಎರಡನೆಯದು ಕಾವನ್ನು ಅಲ್ಲಿಗೇ ನಿಲ್ಲಿಸಲು. ಹಾಗಾಗಿ ‘ನೀರಿಗೆ ಹಾಕು’ ಎನ್ನುವುದೂ ಸಾಲದು.

ಕ್ವೆಂಚಿಂಗ್‌ಗೆ ‘ಗಡಸುಗೊಳಿಸು’ ಎನ್ನೋಣವೇ? ತಾಮ್ರ ಅಡ್ಡ ಬರುತ್ತದೆ. ಬಡಿದಷ್ಟೂ ಬಿರುಸಾಗುವ ತಾಮ್ರವನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮೆತ್ತಗಾಗುತ್ತದೆ. ಅಲ್ಯೂಮಿನಿಯಂದು ಇನ್ನೂ ಸೋಜಿಗ. 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್, ತಾಮ್ರ ಬೆರೆಸಿದ ಅಲ್ಯೂಮಿನಿಯಂ ಕಾಯಿಸಿ ಅದ್ದಿದಾಗ ಅದು ಆಗ ಮೆತ್ತಗೇ ಇತ್ತು, ಸುಮ್ನೆ ಇಟ್ಟಿದ್ದರಿಂದ ಕೆಲವು ದಿನಗಳಲ್ಲಿ ಗಟ್ಟಿಯಾಯಿತು. ಡ್ಯುರಾಲುಮಿನ್ ಎಂಬ ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹ ಬಂದದ್ದು ಹಾಗೆ. ಆದ್ದರಿಂದ ಹೆಸರು ಮಾಡುವ ಕೆಲಸವನ್ನು ಹೇಳಬೇಕು, ಸಿಗುವ ಫಲವನ್ನಲ್ಲ.

ಕ್ವೆಂಚಿಂಗ್‌ಗೆ ‘ಥಟ್ಟನೆ ತಣಿಸು’, ಟೆಂಪರಿಂಗ್‌ಗೆ ಮಾತ್ರ ‘ಹದ ಹಾಕು’, ಅನೀಲಿಂಗ್‌ಗೆ ‘ಕಾಯಿಸಿ ಆರಲು ಬಿಡು’ ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಬರೀ ‘ಆರಿಸು’ ಎಂದರೆ ಆಯ್ಕೆ ಎಂಬ ಅರ್ಥವೂ ಬರುತ್ತದೆ, ಅದಕ್ಕೇ ಅದನ್ನು ಬಿಟ್ಟೆ.

ಈಗ ಕೇಳಬೇಕಾದ್ದು: ನಿಮ್ಮ ಊರಿನ ಕುಲುಮೆಗಳಲ್ಲಿ ಮೊದಲ ಅದ್ದುವಿಕೆಗೂ ಎರಡನೆಯದಕ್ಕೂ ಬೇರೆ ಬೇರೆ ಮಾತು ಇದೆಯೇ? ತುದಿಗೆ ಬರುವ ಆ ಬಣ್ಣಗಳಿಗೆ ಕಮ್ಮಾರರು ಏನೆನ್ನುತ್ತಾರೆ? ಕುಡುಗೋಲಿನ ಹದ, ಚಾಣದ ಹದ ಎಂದು ಬೇರೆ ಮಾಡಿ ಹೇಳುವುದನ್ನು ಕೇಳಿದ್ದರೆ ದಯವಿಟ್ಟು ಊರಿನ ಹೆಸರಿನೊಂದಿಗೆ ಬರೆಯಿರಿ.